ಸಿರುಗುಪ್ಪದ ನೊಣ

ಆ ಕುಣಿಕೆ ಅಲ್ಲಿ ಇರಬಾರದಾಗಿತ್ತು. ಮೊದಲು ನೋಡಿದಾಗ ನನ್ನ ಕಣ್ಣೇ ಮೋಸ ಮಾಡಿತು ಎಂದುಕೊಂಡೆ. ಸೂಕ್ಷ್ಮದರ್ಶಕದ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಮತ್ತೆ ಹೊಂದಿಸಿ, ಮಸೂರ ಒರೆಸಿ, ಗಾಜಿನ ಪಟ್ಟಿಯನ್ನು ಬೆರಳ ತುದಿಯಿಂದ ತುಸುವೇ ಸರಿಸಿದೆ. ಕುಣಿಕೆ ಹಾಗೆಯೇ ಇತ್ತು. ಕಡುಗೆಂಪು ಬಣ್ಣ ಹೀರಿದ, ಅಡ್ಡಪಟ್ಟೆಗಳಿರುವ ಉದ್ದನೆಯ ದಾರ. ನಡುವೆ ಒಂದು ಕಡೆ ತನ್ನ ಮೇಲೆ ತಾನೇ ಸುತ್ತಿಕೊಂಡು ಮತ್ತೆ ನೇರವಾಗಿ ಮುಂದೆ ಹೋಗಿತ್ತು. ಆ ಸುತ್ತಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಸುತ್ತು. ಎಂ.ಎಸ್ಸಿ. ಓದುವಾಗ ಇದೇ ಚಿತ್ರವನ್ನು ಪರೀಕ್ಷೆಗೆಂದು ಎಷ್ಟೋ ಸಲ ಬರೆದು ಅಭ್ಯಾಸ ಮಾಡಿದ್ದೆ. ಪುಸ್ತಕದಲ್ಲಿ ಅದರ ಕೆಳಗೆ ಸಿರುಗುಪ್ಪ ಎಂದಿತ್ತು. ನನ್ನ ಮುಂದಿದ್ದ ನೊಣ ಕುರುಗೋಡಿನದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಸಿರುಗುಪ್ಪದಲ್ಲಿ ಹುಟ್ಟಿ ಹೊರದೇಶಗಳಲ್ಲಿ ಹೆಸರು ಮಾಡಿದ್ದ, ಜೀವವಿಕಾಸ ಅಭ್ಯಸಿಸಿದ್ದ ಪ್ರೊಫೆಸರರೊಬ್ಬರು ಆಗಷ್ಟೇ ನಿವೃತ್ತರಾಗಿದ್ದರು. ಪದಕ, ಪ್ರಶಸ್ತಿ, ಗೌರವ ಸದಸ್ಯತ್ವ ಎಂದು ಅವರಿಗೆ ಬಂದದ್ದೆಲ್ಲ ಬೇರೆ ಊರುಗಳಲ್ಲಿ. ತವರು ಜಿಲ್ಲೆ ಏನೂ ಮಾಡಲಿಲ್ಲವೆಂಬ ಸಂಕೋಚ ಕೆಲವರಲ್ಲಿ ಹುಟ್ಟಿ, ಯುಗಾದಿ ಕಳೆದ ಮೇಲೆ ಬಳ್ಳಾರಿಯಲ್ಲಿ ನಾಗರಿಕ ಸನ್ಮಾನ ಮಾಡುವುದೆಂದು ಸಮಿತಿ ಕಟ್ಟಿದರು. ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಅದರ ಕಾರ್ಯದರ್ಶಿ. ಅವರು ಕಾಲೇಜಿಗೆ ಬಂದು ನನ್ನೆದುರು ಕೂತರು.

"ಮೇಡಂ, ಶಾಲು, ಪೇಟ ನಮ್ಮ ಅಂಗಡ್ಯಾಗ ಅದಾವು. ಭಾಷಣಕ್ಕ ಮಂದಿ ಕಮ್ಮಿ ಇಲ್ಲ. ಆದ್ರ ಅವರು ಮಾಡಿದ್ದೇನು ಅಂತ ನಮಗ ಯಾರಿಗೂ ಗೊತ್ತಿಲ್ಲ ನೋಡ್ರಿ. ಅದನ್ನ ನೀವು ಮಂದಿಗೆ ಕಾಣೂ ಹಂಗ ತೋರಸ್ಬೇಕು."

ಅವರು ಮಾಡಿದ್ದನ್ನು ವಿವರಿಸುವುದು ಕಷ್ಟವಿರಲಿಲ್ಲ. ಕೊಳೆತ ಹಣ್ಣಿಗೆ ಮುತ್ತುವ ಪುಟ್ಟ ನೊಣದ ಮರಿಹುಳುವಿನ ಲಾಲಾಗ್ರಂಥಿಯಲ್ಲಿ ವರ್ಣತಂತುಗಳು ದೊಡ್ಡದಾಗಿ, ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಕೆಲವು ನೊಣಗಳಲ್ಲಿ ಆ ತಂತುವಿನ ಒಂದು ತುಂಡು ತಿರುಗುಮುರುಗಾಗಿ ಕೂತಿರುತ್ತದೆ. ತಾಯಿಯಿಂದ ಬಂದ ತಂತು ನೇರವಾಗಿದ್ದು ತಂದೆಯಿಂದ ಬಂದದ್ದು ತಿರುಗುಮುರುಗಾಗಿದ್ದರೆ ಎರಡೂ ಜೋಡಿಯಾಗಲು ಹೆಣಗಿ ಅಲ್ಲೊಂದು ಕುಣಿಕೆ ಬೀಳುತ್ತದೆ. ತುಂಗಭದ್ರೆಯ ಕಾಲುವೆ ನೀರು ಬರುವುದಕ್ಕೆ ಮುಂಚೆ, ಪ್ರೊಫೆಸರರು ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಸಿರುಗುಪ್ಪದ ತಮ್ಮ ಮನೆತನದ ತೋಟದಲ್ಲಿ ಹಿಡಿದ ನೊಣಗಳಲ್ಲಿ ಈ ಕುಣಿಕೆ ಹೇರಳವಾಗಿ ಸಿಕ್ಕಿತ್ತು. ಕಾಲುವೆ ಬಂದು ಸುತ್ತಲೆಲ್ಲ ಭತ್ತದ ಗದ್ದೆಗಳಾದ ಮೇಲೆ ಅದೇ ತೋಟದಲ್ಲಿ ಹಿಡಿದರೆ ಒಂದರಲ್ಲೂ ಇರಲಿಲ್ಲ. ತಿರುಗಿದ ತುಂಡು ಒಣ ಹವೆಯಲ್ಲಿ ನೊಣಕ್ಕೆ ಅನುಕೂಲ, ತೇವ ಬಂದೊಡನೆ ಪ್ರಕೃತಿ ಅದನ್ನು ಕೈಬಿಟ್ಟಿತು ಎಂದು ಅವರು ವಾದಿಸಿದರು. ಲಕ್ಷಾಂತರ ವರ್ಷಗಳ ಮಾತೆಂದು ಎಲ್ಲರೂ ತಿಳಿದಿದ್ದ ಜೀವವಿಕಾಸ ಒಬ್ಬ ಮನುಷ್ಯನ ಕಣ್ಣೆದುರಿಗೆ, ನಮ್ಮ ಸೀಮೆಯ ಒಂದು ತೋಟದಲ್ಲಿ ನಡೆದಿತ್ತು. ಅವರಿಗೆ ಸಿಕ್ಕ ಮೊದಲ ಮನ್ನಣೆ ಇದಕ್ಕೆ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿತ್ತು.

ಸಭಾಂಗಣದ ಬಾಗಿಲಲ್ಲಿ ಎರಡು ಸೂಕ್ಷ್ಮದರ್ಶಕ ಇಡುವುದೆಂದು ಯೋಚಿಸಿದೆ. ಒಂದರಲ್ಲಿ ಈಗಿನ ಸಿರುಗುಪ್ಪದ ನೊಣದ ನೇರ ತಂತು. ಇನ್ನೊಂದರಲ್ಲಿ ಕುಣಿಕೆ ಇರುವ ತಂತು, ಜಿಲ್ಲೆಯ ಬೇರೆ ಕಡೆ ಎಲ್ಲಾದರೂ ಸಿಕ್ಕರೆ. ಪ್ರೊಫೆಸರರಿಗೆ ಪತ್ರ ಬರೆದು ಕೇಳಿದಾಗ, ತಾವು ಈ ಜಿಲ್ಲೆಯಲ್ಲಿ ಸಿರುಗುಪ್ಪ ಬಿಟ್ಟು ಬೇರೆಲ್ಲೂ ನೊಣ ಹಿಡಿದಿಲ್ಲ, ಹಣ್ಣಿನ ತೋಟ ಇರುವಲ್ಲಿ ಹುಡುಕಿ ಎಂದು ತಿಳಿಸಿದರು. ಹಣ್ಣಿನ ತೋಟವೆಂದರೆ ನನಗೆ ಹೊಳೆದದ್ದು ಕುರುಗೋಡಿನ ಅಂಜೂರ.

ಕೆಲಸ ಸಣ್ಣದು, ತಾಳ್ಮೆ ಬೇಡುವಂಥದು. ಬಾಳೆಹಣ್ಣು ಕಿವುಚಿ, ಯೀಸ್ಟ್ ಸೇರಿಸಿ ಹುಳಿಬರಿಸಿ, ಹಾಲಿನ ಬಾಟಲಿಗಳ ತಳಕ್ಕೆ ಹಾಕಿ ಗಿಡಗಳಿಗೆ ಕಟ್ಟಬೇಕು. ಮರುದಿನ ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ ಬಾಯಿಗೆ ಹತ್ತಿ ತುರುಕಿ ತರಬೇಕು. ಒಂದೊಂದು ಹೆಣ್ಣು ನೊಣವನ್ನೂ ಬೇರೆ ಬೇರೆ ಸೀಸೆಯಲ್ಲಿ ಬಿಟ್ಟು, ರವೆ, ಬೆಲ್ಲ, ಅಗರ್ ಕುದಿಸಿ ಮಾಡಿದ ಆಹಾರ ಕೊಟ್ಟರೆ ಅದು ಮೊಟ್ಟೆ ಇಡುತ್ತದೆ. ಮರಿಹುಳು ಕೊಬ್ಬಿ ಸೀಸೆಯ ಗೋಡೆ ಹತ್ತಲು ಶುರುಮಾಡಿದಾಗ ಹಿಡಿದು, ಉಪ್ಪು ನೀರಿನ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಮೈ ಒತ್ತಿ ಇನ್ನೊಂದರಿಂದ ಬಾಯಿ ಎಳೆಯಬೇಕು. ಎರಡು ಗ್ರಂಥಿಗಳು ಬೆಂದ ಸಬ್ಬಕ್ಕಿಯಂತೆ ಜಾರಿ ಹೊರಬರುತ್ತವೆ. ಬಣ್ಣದಲ್ಲಿ ನೆನೆಸಿ, ತೆಳುಗಾಜು ಮುಚ್ಚಿ, ಹೆಬ್ಬೆರಳಿಂದ ಅದುಮಬೇಕು. ಒತ್ತಡ ಕಮ್ಮಿಯಾದರೆ ತಂತುಗಳು ಬಿಚ್ಚುವುದಿಲ್ಲ, ಹೆಚ್ಚಾದರೆ ಹರಿದುಹೋಗುತ್ತವೆ.

ಶಿವರಾತ್ರಿ ಕಳೆದಿತ್ತು, ಬಿಸಿಲು ಏರತೊಡಗಿತ್ತು. ಬಿಸಿ ಹೆಚ್ಚಾದರೆ ಈ ನೊಣಗಳು ಸಾಯುತ್ತವೆ, ಬದುಕಿದರೂ ಗಂಡುಗಳಿಗೆ ಬಂಜೆತನ ಬರುತ್ತದೆ. ಮೊದಲ ಸಲ ತಂದ ಸಿರುಗುಪ್ಪದ ಸೀಸೆಗಳೆಲ್ಲ ಹಾಗೇ ಹಾಳಾದವು. ಎರಡನೆಯ ಸಲ ಇರುವೆ ನುಗ್ಗಿದವು. ನಮ್ಮ ಪ್ರಯೋಗಾಲಯದ ಅಟೆಂಡರ್ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟ, ಸೀಸೆಗಳ ತಟ್ಟೆಯನ್ನು ಒದ್ದೆ ಮರಳಿನ ಮೇಲೆ ಕೂಡಿಸಿ ಗೋಣಿಚೀಲ ಹೊದಿಸಿದ. "ನಮ್ಮ ಮನ್ಯಾಗ ಹುಳ ಕೊಲ್ಲಾಕ ಒದ್ದಾಡ್ತೀವಿ, ಇಲ್ಲಿ ಬದುಕ್ಸಾಕ ಒದ್ದಾಟ. ಇದಕ್ಕ ಸಂಬಳ ಕೊಡ್ತಾರಂದ್ರ ಊರಾಗ ಯಾರೂ ನಂಬಂಗಿಲ್ರಿ," ಎಂದು ನಗುತ್ತಿದ್ದ.

ಮೂರನೆಯ ಪ್ರಯತ್ನದಲ್ಲಿ ಸಿರುಗುಪ್ಪದ್ದು, ಕುರುಗೋಡಿನದು ಎರಡೂ ಉಳಿದವು. ಸಿರುಗುಪ್ಪದ ತಂತುಗಳು ನೇರವಾಗಿದ್ದವು, ಪ್ರೊಫೆಸರರು ಹೇಳಿದಂತೆ. ಕುರುಗೋಡಿನದರಲ್ಲಿ ಕುಣಿಕೆ.

ಸಂತೋಷಪಡಬೇಕಾಗಿತ್ತು, ಹುಡುಕಿದ್ದು ಸಿಕ್ಕಿತ್ತು. ಆದರೆ ಕುರುಗೋಡಿನ ಆ ತೋಟದಲ್ಲಿ ಬಾಟಲಿ ಕಟ್ಟುವಾಗ ನನ್ನ ಚಪ್ಪಲಿ ಕೆಸರಿನಲ್ಲಿ ಹೂತು ಕಿತ್ತುಹೋಗಿತ್ತು. ಅಲ್ಲಿಗೂ ಕಾಲುವೆ ಬಂದು ಬಹಳ ವರ್ಷಗಳಾಗಿದ್ದವು. ತೇವ ಬಂದರೆ ಕುಣಿಕೆ ಹೋಗಬೇಕು ಎನ್ನುವುದಾದರೆ ಅದು ಇಲ್ಲೇಕೆ ಉಳಿಯಿತು? ಸೀಸೆಗಳು ಅದಲುಬದಲಾಗಿರಬಹುದೆಂದು ಅನುಮಾನಪಟ್ಟು ಎರಡೂ ಕಡೆ ಮತ್ತೆ ಹೋಗಿ ನೊಣ ತಂದೆ. ಅದೇ ಫಲ. ಹಾಗಾದರೆ ಒಣ ಜಾಗವೊಂದನ್ನು ನೋಡಬೇಕು ಎನಿಸಿತು. ಮೋಕದ ಹತ್ತಿರ ಕಾಲುವೆ ಮುಟ್ಟದ ಒಂದು ಹೊಲದ ಬದುವಿನಲ್ಲಿ ಸೀತಾಫಲದ ಗಿಡಗಳಿದ್ದವು. ಅಲ್ಲಿ ಬಾಟಲಿ ಕಟ್ಟಿದೆ. ಕಷ್ಟಪಟ್ಟು ಕೆಲವೇ ನೊಣ ಸಿಕ್ಕವು. ಒಂದರಲ್ಲೂ ಕುಣಿಕೆ ಇಲ್ಲ.

ಒಣಗಿದ ಮೋಕದಲ್ಲಿ ಇಲ್ಲ, ಕೆಸರಾದ ಕುರುಗೋಡಿನಲ್ಲಿ ಇದೆ. ಎಲ್ಲ ತಲೆಕೆಳಗಾಗಿತ್ತು. ಪುಸ್ತಕ ತೆರೆದು, ಪ್ರೊಫೆಸರರು ತೆಗೆದ ತಂತುವಿನ ಹಳೆಯ ಫೋಟೋದ ಪಕ್ಕದಲ್ಲಿ ನನ್ನ ಗಾಜಿನ ಪಟ್ಟಿ ನೋಡಿ ಬರೆದ ಚಿತ್ರವಿಟ್ಟು, ಪಟ್ಟೆಗೆ ಪಟ್ಟೆ ಹೋಲಿಸಿದೆ. ಕುಣಿಕೆ ಶುರುವಾಗುವ ಜಾಗ, ಮುಗಿಯುವ ಜಾಗ, ಪಕ್ಕದ ಚಿಕ್ಕ ಸುತ್ತು, ಎಲ್ಲವೂ ಒಂದೇ. ಫೋಟೋದಲ್ಲಿದ್ದ ನೊಣ ಕುರುಗೋಡಿನ ಅಂಜೂರದ ತೋಟದಿಂದ ಬಂದದ್ದೇನೋ ಎನ್ನುವ ಹಾಗಿತ್ತು. ಆ ಯೋಚನೆ ಬಂದಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅಷ್ಟು ದೊಡ್ಡವರು ಊರು ತಪ್ಪುತ್ತಾರೆಯೇ? ತಪ್ಪಿದ್ದು ನನ್ನದೇ ಇರಬೇಕು. ಎಲ್ಲಿ ಎಂದು ಮಾತ್ರ ಗೊತ್ತಾಗಲಿಲ್ಲ.

ಸಿರುಗುಪ್ಪದ ತೋಟ ಪ್ರೊಫೆಸರರ ದೊಡ್ಡಪ್ಪನ ಮಗನದು. ಊರವರು ಅವರನ್ನು ಗೌಡರು ಎನ್ನುತ್ತಿದ್ದರು. ನಾನು ಬಾಟಲಿ ಕಟ್ಟಲು ಹೋದಾಗಲೆಲ್ಲ ರೊಟ್ಟಿ ಉಣ್ಣಿಸದೆ ಕಳಿಸಿದವರಲ್ಲ. ಈ ಸಲ ಬಾಟಲಿ ಇಲ್ಲದೆ ಹೋದೆ. ಅವರು ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದರು.

"ಬಾರವ್ವ ತಂಗಿ. ಇವತ್ತೇನು ಬರಿಗೈಲಿ? ಹುಳ ಸಾಕಾದ್ವೇನು?"

"ಒಂದು ಮಾತು ಕೇಳಾಕ ಬಂದೀನ್ರಿ, ಗೌಡ್ರ. ಕಾಲುವಿ ಬರೋಕಿಂತ ಮೊದಲು ಪ್ರೊಫೆಸರು ಇಲ್ಲಿ ಹುಳ ಹಿಡಿದ್ರಲ್ಲ, ಆಗ ಈ ತೋಟದಾಗ ಏನೇನು ಹಣ್ಣಿದ್ವು?"

"ಏನಿದ್ವು, ನಾಕು ಪ್ಯಾರಲ ಗಿಡ, ಪ್ಯಾಟಿ ಮಂದಿ ಸೀಬೆ ಅಂತೀರಲ್ಲ, ಅವು. ಆ ವರ್ಷ ಬಾವಿ ಬತ್ತಿ ಅವುಕ್ಕ ಎಲಿ ಸೈತ ಇದ್ದಿಲ್ಲ."

"ಮತ್ತ ಹುಳ ಎಲ್ಲಿಂದ ಬಂದ್ವು?"

ಅವರು ಒಳಗೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮೀಸೆಯಲ್ಲೇ ನಕ್ಕರು.

"ಅವನ ಮುಂದ ಹೇಳಬ್ಯಾಡ ಮತ್ತ. ಅವ ಅಷ್ಟು ದೂರದಿಂದ ಬಾಟ್ಲಿ ಹೊತ್ಕೊಂಡು ಬಂದ. ಕಟ್ಟಿದ. ಒಂದು ಹುಳ ಬೀಳಲಿಲ್ಲ. ಮಾರಿ ಸಪ್ಪಗ ಮಾಡ್ಕೊಂಡು ಅರ್ಧ ರೊಟ್ಟಿಗೇ ಎದ್ದ. ನಮ್ಮವ್ವಗ ತಡೀಲಿಲ್ಲ. ಮನಿಗೆ ಬಂದ ಹುಡುಗ ಖಾಲಿ ಬಾಟ್ಲಿ ತಗೊಂಡು ಹೋಗ್ತಾನಲ್ಲೋ, ಏನಾರ ಮಾಡಲೇ ಅಂತ ನನ್ನ ಬೆನ್ನು ಹತ್ತಿದ್ಲು. ನನ್ನ ಹೆಂಡ್ತಿ ತೌರುಮನಿ ಕುರುಗೋಡು. ಅವರ ಅಂಜೂರದ ತೋಟದಾಗ ಹುಳ ಅಂದ್ರ ಹುಳ, ಬಾಯಿ ತೆರೆದ್ರ ಒಳಗ ಹೋಗ್ತಿದ್ವು. ಬಂಡಿ ಕಳಿಸಿ, ಬಿದ್ದು ಕೊಳೆತಿದ್ದ ಅಂಜೂರ ಬುಟ್ಟಿ ತುಂಬಿ, ಮ್ಯಾಲ ಒದ್ದಿ ಅರಿವಿ ಕಟ್ಟಿ ತರಿಸಿದ್ವಿ. ಅವ ಹೊಳಿಗೆ ಜಳಕಕ್ಕ ಹೋದಾಗ ಗಿಡದ ಬುಡಕ್ಕ ಸುರುವಿ ಎಲಿ ಮುಚ್ಚಿದ್ವಿ. ಮರುದಿನ ನೋಡ್ಬೇಕಿತ್ತು ನೀನು. ಬಾಟ್ಲಿ ಹಿಡ್ಕೊಂಡು ಕುಣದಾಡಿಬಿಟ್ಟ."

ನನ್ನ ಕೈಯಲ್ಲಿ ನೀರಿನ ಲೋಟ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತೆ.

"ಅವರಿಗೆ ಹೇಳಲೇ ಇಲ್ಲೇನ್ರಿ?"

"ಹೆಂಗ ಹೇಳೂದವ್ವ? ನಿಮ್ಮ ಮನಿಗೆ ಬೀಗರು ಬಂದಾಗ ಹಾಲು ಇಲ್ಲಂದ್ರ ಹಿತ್ತಲಬಾಗಿಲಿಂದ ಬಾಜೂ ಮನ್ಯಾಗ ಇಸ್ಕೊಂಡು ಬರ್ತೀರಿ. ಬೀಗರ ಮುಂದ ಹೇಳ್ತೀರೇನು, ಇದು ಮಂದಿ ಮನಿ ಹಾಲು ಅಂತ?"

ಹೇಳುವುದಿಲ್ಲ. ನಾನೂ ಅಂಥ ಮನೆಯಲ್ಲೇ ಬೆಳೆದವಳು. ಬಂದವರಿಗೆ ಬಡಿಸಿದ್ದು ಎಲ್ಲಿಂದ ಬಂತೆಂದು ಬಾಯಿ ಬಿಟ್ಟರೆ ಬಡಿಸಿದ್ದಕ್ಕೆ ಅರ್ಥವೇ ಇಲ್ಲ.

"ಕಾಲುವಿ ಬಂದ ಮ್ಯಾಲ ಮತ್ತ ಬಂದಿದ್ರಲ್ಲ, ಆಗ?"

"ಆಗ ಯಾಕ ಬೇಕು ಅಂಜೂರ? ನಮ್ಮ ತೋಟದಾಗ ಬಾಳಿಗೊನಿ ಬಂದಿತ್ತು. ಹುಳ ತಾವೇ ಬಂದ್ವು." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಅವ ಇಷ್ಟು ದೊಡ್ಡಾವ ಆದ. ಅದರಾಗ ನಮ್ಮವ್ವಂದೂ ಒಂದು ಹಿಡಿ ಐತಿ ಅಂತ ನನಗ ಒಳಗಿಂದೊಳಗ ಖುಷಿ."

ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಒಂದೊಂದನ್ನೇ ಜೋಡಿಸಲು ನೋಡಿದೆ. ಕಾಲುವೆ ಬಂದದ್ದರಿಂದ ನೊಣ ಬದಲಾಗಿರಲಿಲ್ಲ. ಕಾಲುವೆ ಬಂದದ್ದರಿಂದ ಬುಟ್ಟಿ ತರಿಸುವುದು ನಿಂತಿತ್ತು, ಅಷ್ಟೆ. ಹಾಗೆಂದುಕೊಂಡ ಮರುಗಳಿಗೆಗೇ ಇನ್ನೊಂದು ಅನುಮಾನ. ಇಷ್ಟು ವರ್ಷ ಹಿಂದಿನದನ್ನು ಗೌಡರು ಸರಿಯಾಗಿ ನೆನಪಿಟ್ಟಿದ್ದಾರೆಂದು ಹೇಗೆ ನಂಬುವುದು? ಆ ಒಣ ತೋಟದಲ್ಲಿ ಅಲ್ಲಿನದೇ ನೊಣ ನಾಲ್ಕಾದರೂ ಇದ್ದಿರಬಹುದು, ಅವುಗಳಲ್ಲೂ ಕುಣಿಕೆ ಇದ್ದಿರಬಹುದು. ಅಥವಾ ಅಂಜೂರದೊಡನೆ ಬಂದ ನೊಣಗಳೇ ಸಿರುಗುಪ್ಪದಲ್ಲಿ ಸಂಸಾರ ಹೂಡಿ, ತೇವ ಬಂದ ಮೇಲೆ ನಿಜವಾಗಿಯೂ ಕುಣಿಕೆ ಕಳೆದುಕೊಂಡಿರಬಹುದು. ಅಂದಿನ ನೊಣಗಳನ್ನು ಇಂದು ಎಲ್ಲಿಂದ ತರುವುದು? ನನಗೆ ಗೊತ್ತಾದದ್ದು ಒಂದೇ: ಪ್ರೊಫೆಸರರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಾಗಿತ್ತು. ಅದು ಬೇಕಿರಲಿಲ್ಲ.

ಕಾರ್ಯದರ್ಶಿಗಳ ಅಂಗಡಿಗೆ ಹೋಗಿ, ಪ್ರದರ್ಶನ ಬೇಡ, ಸಭೆಯಲ್ಲಿ ಓದಿ ಕೊಡುವ ಬಿನ್ನವತ್ತಳೆಯಲ್ಲಿ ನೊಣದ ಮಾತು ಕಮ್ಮಿ ಮಾಡೋಣ ಎಂದೆ. ಕಾರಣವನ್ನು ಆದಷ್ಟು ಸರಳವಾಗಿ ಹೇಳಿದೆ. ಅವರು ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಬಿನ್ನವತ್ತಳಿ ಅಚ್ಚಾಗಿ ಚೌಕಟ್ಟು ಹಾಕ್ಸಾಕ ಹೋಗೇತ್ರಿ. ಹುಳ ಕುರುಗೋಡಿಂದು ಇದ್ರೇನು, ಸಿರುಗುಪ್ಪದ್ದು ಇದ್ರೇನು? ಎರಡೂ ನಮ್ಮ ಜಿಲ್ಲಾನ. ಪ್ರೊಫೆಸರು ನಮ್ಮವರು ಹೌದಲ್ಲ?"

"ಅವರು ಹೇಳಿದ್ದು ತಪ್ಪು ಅಂತಾದ್ರ?"

"ಮೇಡಂ, ಸನ್ಮಾನ ಮನಷ್ಯಾಗ ಮಾಡೂದು, ಹುಳಕ್ಕಲ್ಲ. ಚಾ ತಗೋರಿ."

ಅದಾದ ಮೇಲೆ ಯಾರನ್ನೂ ಕೇಳಲಿಲ್ಲ. ಸುಮ್ಮನಿದ್ದರೆ ಸನ್ಮಾನ ಚೆನ್ನಾಗಿ ನಡೆಯುತ್ತದೆ; ಪ್ರೊಫೆಸರರು ವಯಸ್ಸಾದವರು, ನೆಮ್ಮದಿಯಿಂದ ಮನೆಗೆ ಮರಳುತ್ತಾರೆ. ಆದರೆ ಸುಮ್ಮನಿರಬೇಕೆಂದರೆ ಬಾಗಿಲಲ್ಲಿ ಆ ಎರಡು ಪಟ್ಟಿಗಳನ್ನಿಟ್ಟು, ಬಂದವರಿಗೆಲ್ಲ ನನ್ನ ಬಾಯಿಂದಲೇ ಆ ಕಥೆ ಹೇಳಬೇಕಾಗಿತ್ತು. ಅದು ನನ್ನಿಂದ ಆಗದು ಎಂದು ತಿಳಿಯಿತು. ಧೈರ್ಯದ ಮಾತಲ್ಲ ಇದು. ಆಗುವುದಿಲ್ಲ ಎಂಬುದಷ್ಟೇ ಆಗ ನನಗೆ ಸ್ಪಷ್ಟವಾಗಿದ್ದದ್ದು.

ಸಮಾರಂಭದ ಹಿಂದಿನ ದಿನ ಪ್ರೊಫೆಸರರು ರೈಲಿನಿಂದ ಇಳಿದು, ಮುಖ ತೊಳೆದು, ನೇರ ನಮ್ಮ ಪ್ರಯೋಗಾಲಯಕ್ಕೆ ಬಂದರು. ತೆಳ್ಳಗಿನ ಮನುಷ್ಯ. ಮಾತು ಇನ್ನೂ ಸಿರುಗುಪ್ಪದ್ದೇ. ಒದ್ದೆ ಮರಳು, ಗೋಣಿಚೀಲ ನೋಡಿ ಮೆಚ್ಚಿದರು. "ಬಳ್ಳಾರಿ ಬಿಸಲಾಗ ಹುಳ ಉಳಿಸೀದಿ ಅಂದ್ರ ನಿನಗ ನನಗಿಂತ ದೊಡ್ಡ ಶಾಲು ಹೊದಿಸ್ಬೇಕು," ಎಂದರು. ನಾನು ಕುಣಿಕೆಯ ಗಾಜಿನ ಪಟ್ಟಿ ಇಟ್ಟ ಸೂಕ್ಷ್ಮದರ್ಶಕವನ್ನು ಅವರ ಕಡೆ ಸರಿಸಿದೆ. ಕನ್ನಡಕ ತೆಗೆದು ಬಗ್ಗಿದರು. ಬೆರಳು ತಾನಾಗಿಯೇ ತಿರುಪಿನ ಮೇಲೆ ಹೋಯಿತು. ಬಹಳ ಹೊತ್ತು ನೋಡಿದರು.

"ಇದು ನನ್ನ ಹುಳ," ಎಂದರು ತಲೆ ಎತ್ತದೆ. "ಹಳೇದು. ಸಿರುಗುಪ್ಪದಾಗ ಮತ್ತ ಬಂತೇನು?"

"ಇಲ್ಲ ಸರ್. ಕುರುಗೋಡಿಂದು."

"ಅಲ್ಲಿ ನೀರು?"

"ಕಾಲುವಿ ನೀರು ಹರೀತೈತಿ ಸರ್. ಮೋಕದ ಒಣ ಹೊಲದಾಗ ನೋಡಿದೆ, ಅಲ್ಲಿ ಇಲ್ಲ."

ಅವರು ಕಣ್ಣು ತೆಗೆದು ನನ್ನನ್ನು ನೋಡಿದರು. ಉಳಿದದ್ದನ್ನೂ ಹೇಳಿದೆ. ಬತ್ತಿದ ಬಾವಿ, ಬಂಡಿ, ಬುಟ್ಟಿ, ಒದ್ದೆ ಅರಿವೆ, ಗಿಡದ ಬುಡದ ಎಲೆ. ಹೇಳಬೇಡ ಎಂದು ಗೌಡರು ಹೇಳಿದ್ದನ್ನೂ ಹೇಳಿದೆ. ಮುಗಿದ ಮೇಲೆ ಅವರು ಮತ್ತೊಮ್ಮೆ ಬಗ್ಗಿ ಪಟ್ಟಿ ನೋಡಿದರು.

"ಕೊಳೆತ ಅಂಜೂರದ ವಾಸನಿ ಇತ್ತು," ಎಂದರು. "ಎಲ್ಲಿಂದ ಅಂತ ಕೇಳಬೇಕು ಅನ್ನಿಸಿತ್ತು. ಉಣ್ಣಾಕ ಕರೆದ್ರು, ಹೋದೆ."

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಇದರಿಂದ ಏನಾತು ಅಂತ ಅಣ್ಣಗ ಗೊತ್ತೈತೇನು?"

"ಇಲ್ಲ ಸರ್. ಅವರು ಖುಷಿಯಾಗ ಅದಾರ."

"ಹಂಗೇ ಇರಲಿ," ಎಂದರು. ಆ ಹೊತ್ತು ಅವರು ಸಮಾರಂಭವನ್ನೇ ನಿಲ್ಲಿಸುತ್ತಾರೋ, ಏನೂ ಆಗದವರಂತೆ ನಡೆಸುತ್ತಾರೋ, ನನಗೆ ಅಂದಾಜು ಸಿಗಲಿಲ್ಲ. ಪಟ್ಟಿಗಳನ್ನು ಬಾಗಿಲಲ್ಲಿ ಇಡಲೇ ಎಂದು ಕೇಳಿದೆ. ಇಡು ಎಂದರು, ಸಿಕ್ಕಿದ ಊರಿನ ಹೆಸರು ಬರೆದು ಇಡು, ಬೇರೇನೂ ಬರೆಯಬೇಡ ಎಂದರು.

ಸಭಾಂಗಣ ತುಂಬಿತ್ತು. ಬಿನ್ನವತ್ತಳೆ ಓದಿದರು. ಅದರಲ್ಲಿ ಸಿರುಗುಪ್ಪದ ನೊಣ ಜಗತ್ತು ಸುತ್ತಿ ಬಂದಿತ್ತು. ಶಾಲು ಹೊದಿಸಿ ಪೇಟ ತೊಡಿಸಿದರು. ಗೌಡರು ಮುಂದಿನ ಸಾಲಿನಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪ್ರೊಫೆಸರರು ಎದ್ದು ಮೈಕಿನ ಮುಂದೆ ನಿಂತು, ಪಾಠ ಹೇಳುವವರಂತೆ ನಿಧಾನವಾಗಿ ಮಾತಾಡಿದರು.

"ನೀವು ಯಾವ ಕೆಲಸಕ್ಕಾಗಿ ನನ್ನನ್ನು ಇಲ್ಲಿ ಕೂಡಿಸಿದ್ದೀರೋ ಆ ಕೆಲಸ ತಪ್ಪಿರಬಹುದು. ಇದು ವಿನಯದ ಮಾತಲ್ಲ. ನಾನು ಸಿರುಗುಪ್ಪದ್ದು ಎಂದು ಬರೆದ ನೊಣ ಸಿರುಗುಪ್ಪದ್ದಲ್ಲ ಎಂದು ನಿನ್ನೆ ನನಗೆ ತಿಳಿಯಿತು. ಅದು ಎಲ್ಲಿಂದ ಬಂತು ಎಂದು ಕೇಳಬೇಕಾದವನು ನಾನು. ಕೇಳಲಿಲ್ಲ. ತಪ್ಪು ಬೇರೆ ಯಾರದೂ ಅಲ್ಲ. ಇಷ್ಟು ವರ್ಷ ನಾನು ಹೇಳಿದ್ದನ್ನು ನಂಬಿದವರು ಇನ್ನು ಮುಂದೆ ನಂಬುವ ಮೊದಲು ಮತ್ತೆ ಪರೀಕ್ಷೆ ಮಾಡಿ ನೋಡಬೇಕು."

ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಇಡೀ ಸಭೆ ಎದ್ದು ನಿಂತಿತು. ಕಾರ್ಯದರ್ಶಿಗಳು ಮೈಕು ಹಿಡಿದು, ಇಂಥ ನಿಗರ್ವಿಯನ್ನು ನಮ್ಮ ಜಿಲ್ಲೆ ಕಂಡಿಲ್ಲ ಎಂದರು. ಗೌಡರು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. "ನೋಡವ್ವ," ಎಂದರು ನನಗೆ, "ಎಷ್ಟು ತಗ್ಗಿ ಮಾತಾಡ್ತಾನ. ನಮ್ಮವ್ವ ಇರಬೇಕಿತ್ತು."

ಹೌದ್ರಿ ಎಂದೆ.

ಜನ ಊಟಕ್ಕೆ ಹೋದ ಮೇಲೆ ವೇದಿಕೆಯ ಪಕ್ಕದ ಕೋಣೆಗೆ ಹೋದೆ. ಪ್ರೊಫೆಸರರು ಹಾರಗಳನ್ನು ಕುರ್ಚಿಯ ಮೇಲೆ ಹಾಕಿ, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನಾನು ತಿಳಿಯೂ ಹಂಗ ಹೇಳಲಿಲ್ಲೇನು?"

"ತಿಳಿಯೂ ಹಂಗೇ ಹೇಳಿದ್ರಿ ಸರ್."

"ಮತ್ತ ಯಾಕ ಚಪ್ಪಾಳಿ ಹೊಡದ್ರು?"

ಅವರು ಪೇಟವನ್ನು ಮೇಜಿನ ಮೇಲಿಟ್ಟು, ನನ್ನ ಬಳಿ ಬಿಳಿ ಹಾಳೆ ಇದೆಯೇ ಎಂದು ಕೇಳಿದರು. ನಾಳೆ ಬೆಳಗ್ಗೆ ತರುತ್ತೇನೆ ಎಂದೆ.

"ಈಗಲೇ ತಾ," ಎಂದರು. "ಇದನ್ನ ಇಂಗ್ಲಿಷಿನಾಗ ಬರೆದು ವಿಜ್ಞಾನ ಪತ್ರಿಕಿಗೆ ಕಳಿಸ್ಬೇಕು. ಅಲ್ಲಿ ಯಾರೂ ಚಪ್ಪಾಳಿ ಹೊಡಿಯಂಗಿಲ್ಲ."